ಚಂದಲೆ ತಂದ ಕಾವು

ಬಹಳ ಹಿಂದೆ, ಬೆಟ್ಟಗಳು ಒಂದನ್ನೊಂದು ಹೆಸರು ಹಿಡಿದು ಕೂಗುತ್ತಿದ್ದ ಕಾಲದಲ್ಲಿ, ಏಳುಬೆಟ್ಟದ ಸೀಮೆ ಎಂಬ ರಾಜ್ಯವಿತ್ತು. ಆ ರಾಜ್ಯದ ಕೊನೆಯ ಊರಿನಲ್ಲಿ ಒಬ್ಬ ಅಣ್ಣ, ಒಬ್ಬ ತಂಗಿ ಇದ್ದರು. ಅಣ್ಣನ ಹೆಸರು ಕೇತ. ಅವನು ಮರ ಕಡೆಯುವವನು. ತಂಗಿಯ ಹೆಸರು ಚಂದಲೆ. ಅವಳು ನೇಯುವವಳು. ಅವರ ಅಪ್ಪ ಸಾಯುವ ಮುಂಚೆ ಮನೆಯ ಬೆನ್ನಿಗೆ ಆತುಕೊಂಡಂತೆ ಕೆಲಸಕ್ಕೆಂದು ಒಂದು ಕೊಟ್ಟಿಗೆ ಕಟ್ಟಿಸಿ, "ಇದು ಇಬ್ಬರದೂ. ಇಬ್ಬರೂ ಇದರಲ್ಲೇ ದುಡಿದು ಉಣ್ಣಿ" ಎಂದು ಹೇಳಿ ಕಣ್ಣು ಮುಚ್ಚಿದ್ದ.

ಕೊಟ್ಟಿಗೆಯ ಒಂದು ಗೋಡೆಗೆ ಅಗ್ಗಿಷ್ಟಿಕೆ ಇತ್ತು. ಕೇತ ಮರ ಕಡೆಯುವ ಚಕ್ರ ಅದರ ಪಕ್ಕದಲ್ಲೇ ಇತ್ತು. ಚಂದಲೆಯ ಮಗ್ಗ ಬಾಗಿಲ ಬಳಿ. ಬಾಗಿಲ ಸಂದಿನಿಂದ ಗಾಳಿ ನುಗ್ಗುತ್ತಿತ್ತು. ಅಣ್ಣ ಒಮ್ಮೆ ಹೇಳಿದ್ದ: "ಕೈ ಮರಗಟ್ಟಿದರೆ ಉಳಿ ಜಾರುತ್ತೆ, ಬೆರಳೇ ಹೋಗುತ್ತೆ. ಲಾಳಿ ಜಾರಿದರೆ ಏನಾಗುತ್ತೆ, ನೂಲು ಕಡಿಯುತ್ತೆ, ಅಷ್ಟೇ ತಾನೇ." ಚಂದಲೆಗೆ ಅದು ಸರಿಯೆಂದೇ ತೋರಿತ್ತು. ಅವಳು ಚಿಕ್ಕವಳಿದ್ದಾಗ ಜ್ವರ ಬಂದು ಮಲಗಿದರೆ ಇದೇ ಅಣ್ಣ ಗಂಜಿ ಕಾಯಿಸಿ ಕುಡಿಸಿದವನು. ಅವಳ ಮೊದಲ ಲಾಳಿಯನ್ನು ಕಡೆದು ಕೊಟ್ಟವನೂ ಅವನೇ.

ಪ್ರತಿ ವರ್ಷ ಮಾಗಿ ಬರುವ ಮುಂಚೆ ಇಬ್ಬರೂ ಸೇರಿ ಕೊಟ್ಟಿಗೆಯನ್ನು ಚಳಿಗೆ ಸಿದ್ಧ ಮಾಡುತ್ತಿದ್ದರು. ಗೋಡೆಯ ಬಿರುಕಿಗೆ ಹೊಟ್ಟು ಕಲಸಿದ ಮಣ್ಣು ಮೆತ್ತುತ್ತಿದ್ದರು. ಕಾವು ಮೇಲೇರಿ ಹೋಗದಂತೆ ಸೂರಿನ ಕೆಳಗೆ ಬಿದಿರಿನ ತಟ್ಟಿ ಕಟ್ಟುತ್ತಿದ್ದರು. ಬಾಗಿಲಿಗೆ ಹಳೆಯ ಕಂಬಳಿ ಇಳಿಬಿಡುತ್ತಿದ್ದರು. ಹೊಳೆಯ ಉಂಡೆಗಲ್ಲುಗಳನ್ನು ಕೆಂಡದ ಬದಿಗಿಟ್ಟು ಕಾಯಿಸಿ, ಕೆಲಸಕ್ಕೆ ಕೂತಾಗ ಕಾಲ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಒಲೆಗೆ ಕೇತನ ಚಕ್ರದಿಂದ ಉದುರಿದ ಮರದ ಸಿಪ್ಪೆ, ಚಂದಲೆಯ ಮಗ್ಗದ ಕೆಳಗೆ ಬಿದ್ದ ಉಣ್ಣೆಯ ಜುಂಗು. ಎರಡೂ ಬೆರೆತು ಉರಿಯುವಾಗ ಒಂದು ವಾಸನೆ ಏಳುತ್ತಿತ್ತು. ಬೇರೆ ಯಾರ ಮನೆಯಲ್ಲೂ ಆ ವಾಸನೆ ಇರಲಿಲ್ಲ.

ಏಳನೆಯ ಬೆಟ್ಟದ ತುದಿಯ ಗುಹೆಯಲ್ಲಿ ಕೊರೆಗಣ್ಣ ಎಂಬ ಮಾಂತ್ರಿಕನಿದ್ದ. ಅವನು ನೋಡಿದ ಕಡೆ ಇಬ್ಬನಿ ಗಟ್ಟಿಯಾಗುತ್ತಿತ್ತು. ಹುಟ್ಟಿದಂದಿನಿಂದ ಅವನಿಗೆ ಮೈ ಬೆಚ್ಚಗಾದದ್ದೇ ಇಲ್ಲ. ಒಂದು ಮಾಗಿಯಲ್ಲಿ ಅವನು ಬೆಟ್ಟದ ಮೇಲೆ ನಿಂತು, ಎರಡೂ ಕೈ ಚಾಚಿ, ಸೀಮೆಯ ಎಲ್ಲ ಒಲೆಗಳ ಕಾವನ್ನೂ ಎಳೆದುಕೊಂಡುಬಿಟ್ಟ.

ಬೆಂಕಿ ಹೊತ್ತುತ್ತಿತ್ತು, ಕಾವು ಇರಲಿಲ್ಲ. ಗಾಡಿ ತುಂಬ ಸೌದೆ ಸುಟ್ಟರೆ ಅಂಗೈ ಬೆಚ್ಚಗಾಗುವಷ್ಟು ಬಿಸಿ, ಅದೂ ಗಳಿಗೆಯ ಮಟ್ಟಿಗೆ. ಕುಂಬಾರನ ಗಡಿಗೆ ಬೇಯಲಿಲ್ಲ. ಕಮ್ಮಾರನ ಕಬ್ಬಿಣ ಕೆಂಪಾಗಲಿಲ್ಲ. ಕೇತನ ಮರ ಉಳಿ ತಾಗಿದೊಡನೆ ಸೀಳಿಹೋಯಿತು. ಚಂದಲೆಯ ಬೆರಳು ನೂಲನ್ನು ಹಿಡಿಯಲಾರದೆ ಸೆಟೆದುಕೊಂಡವು. ಊರಿನ ಗಟ್ಟಿಗರು ಒಬ್ಬೊಬ್ಬರಾಗಿ ಕಾವು ತರುತ್ತೇವೆಂದು ಬೆಟ್ಟ ಹತ್ತಿದರು. ಒಬ್ಬರೂ ಮರಳಲಿಲ್ಲ.

ಒಂದು ಬೆಳಗ್ಗೆ ಕೇತ ಅಗ್ಗಿಷ್ಟಿಕೆಯ ಮುಂದೆ ಮುದುರಿ ಕೂತು ಹೇಳಿದ: "ಯಾರಾದರೂ ಹೋಗಲೇಬೇಕು ಚಂದಲೆ. ಇಲ್ಲದಿದ್ದರೆ ಇಬ್ಬರೂ ಇಲ್ಲೇ ಸಾಯ್ತೀವಿ. ನನ್ನ ಮಂಡಿ ನೋಡು, ಮಡಿಸೋಕೇ ಆಗ್ತಿಲ್ಲ."

"ನಾನು ಹೋಗ್ತೀನಿ ಅಣ್ಣ."

ಕೇತ ಬೇಡವೆನ್ನಲಿಲ್ಲ. "ಹುಷಾರು. ನಾನು ಕಾಯ್ತಾ ಇರ್ತೀನಿ" ಎಂದ.

ಚಂದಲೆ ಒಂದು ಮಣ್ಣಿನ ಕುಡಿಕೆ ತೆಗೆದುಕೊಂಡಳು. ತಾನೇ ನೇಯ್ದ ಕಂಬಳಿ ಹೊದ್ದಳು. ಮಗ್ಗದ ಮೇಲೆ ಅರ್ಧ ನೇಯ್ದ ಬಟ್ಟೆ ಇತ್ತು. ಅದರ ಮೇಲೆ ಧೂಳು ಕೂರದಿರಲೆಂದು ಒಂದು ಹಳೆಯ ಸೀರೆ ಹೊದಿಸಿ ಹೊರಟಳು.

ಮೊದಲ ಬೆಟ್ಟ ಹತ್ತಿದಳು, ಎರಡನೆಯದು ಹತ್ತಿದಳು. ಮೂರನೆಯ ಬೆಟ್ಟದ ಕಣಿವೆಯಲ್ಲಿ ದಾರಿಗೆ ಅಡ್ಡವಾಗಿ ಒಂದು ತೋಳ ಮಲಗಿತ್ತು. ಅದರ ಮೈಯೆಲ್ಲ ಮಂಜುಗಡ್ಡೆ. ಉಸಿರು ಬಿಟ್ಟರೆ ಹಿಮದ ಚೂರು ಉದುರುತ್ತಿತ್ತು.

"ಎಲ್ಲಿಗೆ ಹೊರಟೆ?" ತೋಳ ಕೇಳಿತು.

"ಕಾವು ತರೋದಕ್ಕೆ."

"ಯಾರಿಗಾಗಿ?"

"ನನ್ನ ಅಣ್ಣನಿಗಾಗಿ. ನಮ್ಮ ಕೊಟ್ಟಿಗೆಗಾಗಿ."

"ನಿನಗಾಗಿ ಅವನು ಕಾಯ್ತಾನೋ?"

"ಕಾಯ್ತಾನೆ."

ತೋಳ ತಲೆ ಎತ್ತಿತು. "ನಾನು ಒಬ್ಬ ಕುರಿಗಾಹಿಯ ನಾಯಿಯಾಗಿದ್ದೆ" ಎಂದಿತು. "ಅವನ ಹಿಂದೆಯೇ ಈ ಬೆಟ್ಟಕ್ಕೆ ಬಂದೆ. ಹಿಮ ಬಿದ್ದಾಗ ಅವನು ಕುರಿಗಳನ್ನು ಹೊಡಕೊಂಡು ಇಳಿದುಹೋದ, ನನ್ನನ್ನು ಕರೆಯಲಿಲ್ಲ. ಕಾಯುತ್ತ ಕಾಯುತ್ತ ಹೀಗಾದೆ. ನನ್ನ ಬೆನ್ನ ಮೇಲೆ ಏನಾದರೂ ಬೆಚ್ಚನೆಯದು ಹೊದಿಸು, ದಾರಿ ಬಿಡ್ತೀನಿ. ಇಲ್ಲದಿದ್ದರೆ ನಿನ್ನನ್ನೇ ತಿಂದು ಬೆಚ್ಚಗಾಗ್ತೀನಿ."

ಚಂದಲೆ ಕಂಬಳಿ ತೆಗೆದು ಅದಕ್ಕೆ ಹೊದಿಸಿದಳು. ಅಂಚುಗಳನ್ನು ಹೊಟ್ಟೆಯ ಕೆಳಗೆ ಸಿಕ್ಕಿಸಿದಳು, ಮಗುವಿಗೆ ಹೊದಿಸುವ ಹಾಗೆ. ತೋಳ ಎದ್ದು ಪಕ್ಕಕ್ಕೆ ಸರಿಯಿತು. ಅವಳು ಬರಿಯ ಸೀರೆಯಲ್ಲಿ ಮುಂದೆ ನಡೆದಳು. ಗಾಳಿ ಎಲುಬಿನವರೆಗೂ ಕೊರೆಯಿತು. ಅಣ್ಣ ಬೆಚ್ಚಗಾದರೆ ಸಾಕು ಅಂದುಕೊಂಡಳು.

ಐದನೆಯ ಬೆಟ್ಟದಾಚೆ ಒಂದು ಹೊಳೆ. ಅರ್ಧ ಹೆಪ್ಪುಗಟ್ಟಿತ್ತು, ಅರ್ಧ ಮೊರೆಯುತ್ತಿತ್ತು. ದಡದಲ್ಲಿ ಒಬ್ಬ ಮುದುಕಿ ಕೂತು ಹಿಮದ ಎಳೆಗಳನ್ನು ಹಾಸಿ ನೇಯುತ್ತಿದ್ದಳು. ಅವಳ ರೆಪ್ಪೆಗಳ ಮೇಲೂ ಹಿಮ ಕೂತಿತ್ತು.

"ಎಲ್ಲಿಗೆ ಹೊರಟೆ ಮಗಳೇ?"

"ಕಾವು ತರೋದಕ್ಕೆ, ಅಜ್ಜಿ."

"ಯಾರಿಗಾಗಿ?"

"ನನ್ನ ಅಣ್ಣನಿಗಾಗಿ. ನಮ್ಮ ಕೊಟ್ಟಿಗೆಗಾಗಿ."

"ನಿನಗಾಗಿ ಅವನು ಕಾಯ್ತಾನೋ?"

"ಕಾಯ್ತಾನೆ."

ಅಜ್ಜಿ ನಕ್ಕಳು. ಆ ನಗುವಿನಲ್ಲಿ ಕೇಡೇನೂ ಇರಲಿಲ್ಲ. "ನೇಯೋದು ಬರುತ್ತೇನು?"

"ಬರುತ್ತೆ."

"ಹಾಗಾದರೆ ಇದನ್ನು ಮುಗಿಸಿಕೊಡು. ಮುಗಿದ ಬಟ್ಟೆ ಹೊಳೆಯ ಮೇಲೆ ಹಾಸಿದರೆ ಸೇತುವೆಯಾಗುತ್ತೆ. ಒಂದು ಮಾತು. ಹಿಮದ ನೂಲು ಮುಟ್ಟಿದ ಬೆರಳಿಗೆ ಆಮೇಲೆ ಏನು ಮುಟ್ಟಿದರೂ ತಿಳಿಯೋದಿಲ್ಲ. ನಾನು ಹೀಗೆ ನೇಯ್ದೂ ನೇಯ್ದೂ ನನ್ನ ಮೊಮ್ಮಗುವಿನ ಕೆನ್ನೆ ಮೃದುವೋ ಒರಟೋ ಅನ್ನೋದೂ ತಿಳಿಯದ ಹಾಗಾಯ್ತು."

ಚಂದಲೆ ತನ್ನ ಕೈಗಳನ್ನು ನೋಡಿಕೊಂಡಳು. ಸೀಮೆಯಲ್ಲೆಲ್ಲ ಅವಳಷ್ಟು ನಯವಾಗಿ ನೇಯುವವರಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ಬೆರಳ ತುದಿಯಲ್ಲಿ ಎಳೆ ದಪ್ಪವೋ ತೆಳುವೋ ಎಂದು ಹೇಳುತ್ತಿದ್ದಳು. ಕೊಟ್ಟಿಗೆಯಲ್ಲಿ ಮುದುರಿ ಕೂತ ಅಣ್ಣ ಕಣ್ಣ ಮುಂದೆ ಬಂದ. ಅವಳು ಕೂತು ನೇಯ್ದಳು. ಮೊದಲು ಉರಿ, ಆಮೇಲೆ ಜುಮುಜುಮು, ಆಮೇಲೆ ಏನೂ ಇಲ್ಲ. ಬಟ್ಟೆ ಮುಗಿಯುವ ಹೊತ್ತಿಗೆ ಬಲಗೈಯ ಬೆರಳುಗಳು ಯಾರದೋ ಬೆರಳುಗಳಂತೆ ಆಗಿದ್ದವು.

ಅಜ್ಜಿ ಬಟ್ಟೆಯನ್ನು ಹೊಳೆಯ ಮೇಲೆ ಬೀಸಿ ಹಾಸಿದಳು. "ಹೋಗು ತಾಯಿ. ಮೇಲೆ ನೀನು ಕೇಳಿದ್ದು ಸಿಗುತ್ತೆ" ಎಂದಳು. ಮತ್ತೇನೋ ಹೇಳಬೇಕೆಂದು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು.

ಏಳನೆಯ ಬೆಟ್ಟದ ದಾರಿಯುದ್ದಕ್ಕೂ ಕಲ್ಲಿನ ಮನುಷ್ಯರು ನಿಂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಗಡಿಗೆ, ಗಡಿಗೆಯಲ್ಲಿ ತಣ್ಣನೆಯ ಇದ್ದಿಲು. ಎಲ್ಲರ ಮುಖವೂ ಊರಿನ ಕಡೆಗಿತ್ತು. ಅವಳು ಕಮ್ಮಾರನ ಗುರುತು ಹಿಡಿದಳು, ಕುಂಬಾರನ ಗುರುತು ಹಿಡಿದಳು. ತಲೆ ತಗ್ಗಿಸಿ ಮುಂದೆ ನಡೆದು ಗುಹೆಯ ಬಾಗಿಲಲ್ಲಿ ನಿಂತಳು.

ಗುಹೆಯ ಚಾವಣಿಯ ತುಂಬ ಕಾವುಗಳು ಹಣ್ಣಿನ ಗೊಂಚಲಿನಂತೆ ತೂಗುತ್ತಿದ್ದವು. ಸೀಮೆಯ ಒಂದೊಂದು ಮನೆಯ ಒಲೆಗೂ ಅಲ್ಲೊಂದು ಕೆಂಪು ಕೆಂಡ. ಅವುಗಳ ನಡುವೆ ಕೊರೆಗಣ್ಣ ಕೂತಿದ್ದ. ಕೂತಲ್ಲೇ ನಡುಗುತ್ತಿದ್ದ.

"ಎಲ್ಲಿಗೆ ಬಂದೆ?"

"ನಮ್ಮ ಮನೆಯ ಕಾವು ಒಯ್ಯೋದಕ್ಕೆ."

"ಯಾರಿಗಾಗಿ?"

"ನನ್ನ ಅಣ್ಣನಿಗಾಗಿ. ನಮ್ಮ ಕೊಟ್ಟಿಗೆಗಾಗಿ."

ಮೂರನೆಯ ಪ್ರಶ್ನೆಯನ್ನು ಅವನು ಕೇಳಲಿಲ್ಲ. "ಇಷ್ಟರಲ್ಲಿ ನಿಮ್ಮದು ಯಾವುದು, ಹೇಳು. ತಪ್ಪಿದರೆ ಇಲ್ಲೇ ಕಲ್ಲಾಗಿ ನಿಲ್ಲಬೇಕು" ಎಂದ.

ಚಂದಲೆ ಗೊಂಚಲುಗಳ ಕೆಳಗೆ ಮೆಲ್ಲಗೆ ನಡೆದಳು. ಒಂದರಿಂದ ಸುಟ್ಟ ರೊಟ್ಟಿಯ ವಾಸನೆ ಬರುತ್ತಿತ್ತು, ಒಂದರಿಂದ ಬಾಣಂತಿಯ ಕೋಣೆಯ ಲೋಬಾನದ ಹೊಗೆ. ಮೂಲೆಯಲ್ಲಿ ಒಂದು ಸಣ್ಣ ಕೆಂಡ. ಅದರ ಹತ್ತಿರ ಮುಖ ಒಯ್ದಳು. ಮರದ ಸಿಪ್ಪೆ, ಉಣ್ಣೆಯ ಜುಂಗು.

"ಇದು ನಮ್ಮದು."

ಕೊರೆಗಣ್ಣ ಅದನ್ನು ಕಿತ್ತು ಅವಳ ಕುಡಿಕೆಗೆ ಹಾಕಿದ. "ಈಗ ಕೇಳು. ಇದು ನಂಬಿಕೆಯ ಮೇಲೆ ಉರಿಯೋ ಕೆಂಡ. ಯಾರಿಗಾಗಿ ಒಯ್ತೀಯೋ ಅವನ ಮೇಲೆ ದಾರಿಯಲ್ಲಿ ಒಂದು ಗಳಿಗೆ ಅನುಮಾನ ಬಂದರೂ ಆರಿಹೋಗುತ್ತೆ. ಆರಿದ ಕಡೆಯೇ ನೀನು ಕಲ್ಲು. ಇಲ್ಲಿ ನಿಂತವರೆಲ್ಲ ಹಾಗೇ ನಿಂತವರು. ಮನೆಯ ಒಲೆಗೆ ಮುಟ್ಟಿಸಿದೆಯೋ, ಆಗ ನನ್ನ ಮಾಯೆಯೆಲ್ಲ ಮುಗೀತು. ನಾನೂ ನಿನ್ನ ಜೊತೆಗೇ ಬರ್ತೀನಿ. ದಾರಿಯುದ್ದಕ್ಕೂ ಮಾತಾಡ್ತೀನಿ. ಸುಳ್ಳು ಮಾತ್ರ ಹೇಳೋದಿಲ್ಲ."

"ನಿನ್ನ ಮೊದಲ ಸುಳ್ಳು ಅದೇ" ಎಂದಳು ಚಂದಲೆ.

ಅವಳು ಇಳಿದಳು. ಅವನು ಬೆನ್ನ ಹಿಂದೆ ಬಂದ. ಹೊಳೆ ದಾಟುವಾಗ ಅವನು ಹೇಳಿದ: "ನಿನ್ನ ಅಣ್ಣ ನಿನ್ನ ಮಗ್ಗ ಮುರಿದು ಒಲೆಗೆ ಹಾಕಿದ್ದಾನೆ."

"ಸುಳ್ಳು" ಎಂದಳು. ಕೆಂಡ ಉರಿಯುತ್ತಲೇ ಇತ್ತು.

ಕಣಿವೆಯಲ್ಲಿ ಅವನು ಹೇಳಿದ: "ಮೊದಲು ದಿಂಡು, ಆಮೇಲೆ ಹಲಗೆ, ಆಮೇಲೆ ಲಾಳಿ. ಲಾಳಿ ಹಾಕುವಾಗ ಒಂದು ಸಲ ಕೈಯಲ್ಲಿ ಹಿಡಿದು ನೋಡಿದ. ಆಮೇಲೆ ಅದನ್ನೂ ಹಾಕಿದ."

ಚಂದಲೆಯ ಹೆಜ್ಜೆ ತಡೆಯಿತು. ಬಾಗಿಲ ಸಂದಿನ ಗಾಳಿ ನೆನಪಾಯಿತು. ಅವಳು ಹೊರಟಾಗ ಅಣ್ಣ ಕೂತಲ್ಲಿಂದ ಏಳಲಿಲ್ಲವೆಂಬುದು ನೆನಪಾಯಿತು. ಕೆಂಡದ ಸುತ್ತ ಬೂದಿ ಕವಿಯಿತು, ಅವಳ ಪಾದಗಳು ಭಾರವಾದವು. ಆಗ ಅವಳು ಗಂಜಿಯ ಬಟ್ಟಲನ್ನು ನೆನೆದಳು. ಆರಿಸಿ ಆರಿಸಿ ಕುಡಿಸುತ್ತಿದ್ದ ಕೈಯನ್ನು ನೆನೆದಳು. ಅಂಥ ಕೈ ತನ್ನ ಲಾಳಿಯನ್ನು ಸುಡುವುದಿಲ್ಲ ಎಂದು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡಳು. "ಸುಳ್ಳು" ಎಂದಳು. ಬೂದಿ ಉದುರಿ ಕೆಂಡ ಮತ್ತೆ ಕೆಂಪಾಯಿತು.

ಊರ ಬಾಗಿಲಲ್ಲಿ ಕೊರೆಗಣ್ಣ ಅವಳ ಮುಂದೆ ಬಂದು ನಿಂತ. ಅವನ ದನಿಯಲ್ಲಿ ಈಗ ಬೆದರಿಕೆ ಇರಲಿಲ್ಲ. "ಹಿಂದಿರುಗು, ಚಂದಲೆ. ನನ್ನ ಗುಹೆಯಲ್ಲಿ ನಿನಗೊಂದು ಮಗ್ಗ ಹಾಕಿಸ್ತೀನಿ. ಎಲ್ಲ ಕಾವಿನ ನಡುವೆ ಕೂತು ನೇಯಬಹುದು. ಅಲ್ಲಿ ನಿನಗಾಗಿ ಕಾಯ್ತಾ ಇರೋರು ಯಾರೂ ಇಲ್ಲ."

"ಸುಳ್ಳು" ಎಂದು ಅವನನ್ನು ದಾಟಿಕೊಂಡು ಹೋದಳು.

ಕೊಟ್ಟಿಗೆಯ ಬಾಗಿಲು ತಳ್ಳಿದಳು. ಕಣ್ಣು ಕುಡಿಕೆಯ ಮೇಲಲ್ಲದೆ ಆಚೀಚೆ ಹೋಗಲಿಲ್ಲ. ನೇರ ಅಗ್ಗಿಷ್ಟಿಕೆಯ ಹತ್ತಿರ ನಡೆದು ಕೆಂಡವನ್ನು ಸುರಿದಳು. ಬೆಂಕಿ ಎದ್ದಿತು, ಬೆಂಕಿಯ ಜೊತೆ ಕಾವೂ ಎದ್ದಿತು. ಗೋಡೆ ಬೆಚ್ಚಗಾಯಿತು, ನೆಲ ಬೆಚ್ಚಗಾಯಿತು. ಬೀದಿಯಲ್ಲಿ ಒಂದೊಂದೇ ಮನೆಯ ಹೊಗೆಗಂಡಿಯಿಂದ ಬಿಸಿ ಹೊಗೆ ಹೊರಟಿತು. ಬೆಟ್ಟದ ಮೇಲೆ ಕಲ್ಲಾಗಿದ್ದವರು ಕೈಕಾಲು ಕೊಡವಿಕೊಂಡು ಇಳಿಯತೊಡಗಿದರು. ತೋಳ ಮತ್ತೆ ನಾಯಿಯಾಗಿ ಕಂಬಳಿ ಎಳೆದುಕೊಂಡು ಊರ ಕಡೆ ಓಡಿತು. ಊರ ಬಾಗಿಲಲ್ಲಿ ಕೊರೆಗಣ್ಣ ತನ್ನ ಅಂಗೈಗಳನ್ನು ನೋಡಿಕೊಂಡ. ಅವು ಆಗಲೂ ತಣ್ಣಗೇ ಇದ್ದವು. ಅವನು ನಿಂತಲ್ಲೇ ಇಬ್ಬನಿಯಾಗಿ ಉದುರಿಹೋದ.

ಕೊಟ್ಟಿಗೆಯಲ್ಲಿ ಬೆಳಕಾಯಿತು. ಚಂದಲೆ ತಿರುಗಿ ನೋಡಿದಳು.

ಬಾಗಿಲ ಬಳಿ ಮಗ್ಗ ಇರಲಿಲ್ಲ. ನೆಲದಲ್ಲಿ ಅದರ ನಾಲ್ಕು ಕಾಲಿನ ಗುಳಿ ಮಾತ್ರ ಇದ್ದವು. ಅಣ್ಣನ ಚಕ್ರ ಇದ್ದಲ್ಲೇ ಇತ್ತು. ಉಳಿಗಳು ಗೋಡೆಯಲ್ಲಿ ಸಾಲಾಗಿ ತೂಗುತ್ತಿದ್ದವು. ಅವನು ಕಡೆಯಲೆಂದು ಒಟ್ಟಿದ ಮರದ ತುಂಡುಗಳೂ ಒಂದಿಷ್ಟು ಉಳಿದಿದ್ದವು. ಕೇತ ಚಕ್ರದ ಹಿಂದೆ, ಅವಳು ಅರ್ಧ ನೇಯ್ದಿದ್ದ ಬಟ್ಟೆಯನ್ನು ಸುತ್ತಿಕೊಂಡು ಕೂತಿದ್ದ.

"ಬಂದೆಯಾ?" ಎಂದ. ದನಿಯಲ್ಲಿ ಬೆರಗಿತ್ತು.

"ಮಗ್ಗ ಎಲ್ಲಿ ಅಣ್ಣ?"

"ಚಳಿ ತಡೆಯೋಕಾಗಲಿಲ್ಲ ಚಂದಲೆ."

"ನಿನ್ನ ಚಕ್ರ ಹಾಗೇ ಇದೆ."

"ಚಕ್ರ ಸುಟ್ಟರೆ ಮುಂದೆ ದುಡಿಯೋದು ಹೇಗೆ?"

"ನಾನು ಮುಂದೆ ದುಡಿಯೋದು ಹೇಗೆ?"

ಕೇತ ಸುತ್ತಿಕೊಂಡಿದ್ದ ಬಟ್ಟೆಯನ್ನು ಇನ್ನಷ್ಟು ಎಳೆದುಕೊಂಡ. "ಹೋದವರು ಯಾರೂ ಬಂದಿರಲಿಲ್ಲ. ನೀನು ಬರ್ತೀ ಅಂತ ನನಗೆ ಹೇಗೆ ಗೊತ್ತಾಗಬೇಕು?"

ಅವಳು ಅವನೆದುರು ಕೂತಳು. "ಯಾವತ್ತು ಸುಟ್ಟೆ?"

ಅವನು ಬೆಂಕಿಯನ್ನು ನೋಡಿದ.

"ಹೇಳು ಅಣ್ಣ. ನಾನು ಏನೂ ಅನ್ನೋದಿಲ್ಲ."

"ನೀನು ಹೋದ ದಿನವೇ."

"ಸಂಜೆಗೋ?"

"ಇಲ್ಲ" ಎಂದ ಕೇತ. "ನೀನು ಮೊದಲ ಬೆಟ್ಟದ ತಿರುವಿನಲ್ಲಿ ಮರೆಯಾದೆಯಲ್ಲ, ಆಗ."

ಚಂದಲೆ ಬೆಂಕಿಯ ಹತ್ತಿರ ಬಲಗೈ ಚಾಚಿದಳು. ಅಂಗೈಗೆ ಬಿಸಿ ತಾಗಿತು. ಬೆರಳುಗಳಿಗೆ ತಿಳಿಯಲಿಲ್ಲ. ತಾನು ದಾರಿಯಲ್ಲಿ ಮಾಂತ್ರಿಕನಿಗೆ ಕೊಟ್ಟ ಉತ್ತರವನ್ನು ನೆನೆದು ಅವಳಿಗೆ ನಾಚಿಕೆಯಾಯಿತು, ಯಾರದೋ ಎದುರು ಬೆತ್ತಲಾಗಿ ನಿಂತ ಹಾಗೆ. ಅನುಮಾನಪಟ್ಟಿದ್ದರೆ ಕಲ್ಲಾಗುತ್ತಿದ್ದಳು, ಸೀಮೆಯೆಲ್ಲ ಚಳಿಯಲ್ಲಿ ಸಾಯುತ್ತಿತ್ತು. ಅನುಮಾನವನ್ನು ಒಳಗೆ ಬಿಡಲಿಲ್ಲ, ಅದಕ್ಕೇ ಬದುಕಿ ಬಂದಿದ್ದಳು. ಹಾಗಿದ್ದರೂ ಎದೆಯೊಳಗೆ ಕಲ್ಲಿನಂಥದೇನೋ ಕೂತಿತ್ತು.

ಸುದ್ದಿ ಅರಮನೆಗೆ ಮುಟ್ಟಿತು. ಅರಸ ಪಲ್ಲಕ್ಕಿಯಲ್ಲಿ ಬಂದ, ವಾಲಗದವರು ಬಂದರು, ಊರೆಲ್ಲ ಬಂದು ಕೊಟ್ಟಿಗೆಯ ಮುಂದೆ ನೆರೆಯಿತು. ಕಮ್ಮಾರನ ಹೆಂಡತಿ ಚಂದಲೆಯ ಕಾಲು ಮುಟ್ಟಿ ಅತ್ತಳು. ಕೇತ ಎಲ್ಲರ ಮುಂದೆ ನಿಂತು, "ನನ್ನ ತಂಗಿ. ನನಗಾಗಿ ಹೋಗಿ ತಂದಳು" ಎಂದು ಹೇಳಿದ. ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಅದು ನಿಜವಾದ ನೀರೇ ಎಂದು ಚಂದಲೆಗೆ ಗೊತ್ತಿತ್ತು.

"ಏನು ಬೇಕೋ ಕೇಳಮ್ಮ" ಎಂದ ಅರಸ. "ಮನೆ ಕೇಳು, ಹೊಲ ಕೇಳು. ಅರಮನೆಗೇ ಬಂದು ಇರುತ್ತೇನೆ ಅಂದರೂ ಸರಿ."

"ಒಂದು ಮಗ್ಗ ಬೇಕು ಮಹಾಪ್ರಭು. ಇನ್ನು ನಯದ ಬಟ್ಟೆ ನನ್ನ ಕೈಯಲ್ಲಿ ಆಗೋದಿಲ್ಲ, ಕಂಬಳಿ ನೇಯೋ ಮಗ್ಗ ಸಾಕು."

"ಅಷ್ಟೇನಾ?"

"ಈ ಕೊಟ್ಟಿಗೆಯ ನಡುವೆ ಒಂದು ಗೋಡೆ ಕಟ್ಟಿಸಿಕೊಡಿ. ಒಲೆ ನನ್ನ ಕಡೆ ಇರಲಿ."

ಜನ ಮುಖ ಮುಖ ನೋಡಿಕೊಂಡರು. ಅರಸ ಕೇತನ ಕಡೆ ನೋಡಿದ. ಕೇತ ತಲೆ ತಗ್ಗಿಸಿದ. ಕಾರಣವನ್ನು ಅವನು ಹೇಳಲಿಲ್ಲ, ಅವಳೂ ಹೇಳಲಿಲ್ಲ. ಅರಸ ಮತ್ತೇನೂ ಕೇಳದೆ ಕಲ್ಲುಕುಟಿಗರನ್ನು ಕರೆಸಿದ. ಗೋಡೆ ಎದ್ದಿತು. ಬೆಂಕಿಯ ಬಿಸಿ ಆಚೆಗೂ ದಾಟಲೆಂದು ಒಲೆಯ ಬಳಿ ತೆಳುವಾದ ಕಲ್ಲು ಇಡಿ ಎಂದು ಚಂದಲೆಯೇ ಅವರಿಗೆ ಹೇಳಿದಳು.

ಏಳುಬೆಟ್ಟದ ಸೀಮೆಗೆ ಒಳ್ಳೆಯ ಕಾಲ ಬಂದಿತು. ಗಡಿಗೆ ಬೆಂದವು, ಕಬ್ಬಿಣ ಕೆಂಪಾಯಿತು, ಮಕ್ಕಳು ಒಲೆಯ ಮುಂದೆ ಕತೆ ಕೇಳುತ್ತ ನಿದ್ದೆ ಹೋದರು. ಚಂದಲೆಯ ಕಂಬಳಿ ಒರಟಾದರೂ ಬೆಚ್ಚಗಿರುತ್ತದೆಂದು ದೂರದ ಊರುಗಳಿಂದ ಜನ ಬಂದರು. ಕೇತನ ಕೆಲಸವೂ ಚೆನ್ನಾಗಿ ನಡೆಯಿತು. ಹೊರಗೆ ಎದುರಾದರೆ ಅವಳು "ಊಟ ಆಯ್ತಾ ಅಣ್ಣ" ಎಂದು ಕೇಳುತ್ತಿದ್ದಳು. ಅವನು "ಆಯ್ತು" ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚಿನ ಮಾತು ಅವರ ನಡುವೆ ಮತ್ತೆ ಹುಟ್ಟಲಿಲ್ಲ.

ಮುಂದಿನ ಮಾಗಿಯಲ್ಲಿ ಒಂದು ಮಧ್ಯಾಹ್ನ ಹಿಮ ಬೀಳುತ್ತಿತ್ತು. ಚಂದಲೆ ನೇಯುತ್ತಿದ್ದಳು. ಆಚೆಯಿಂದ ಗೋಡೆಯನ್ನು ಯಾರೋ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು. ಮಗ್ಗದ ಸದ್ದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಟ್ಟಿದರು. ಇನ್ನೂ ಮೆಲ್ಲಗೆ, ಕರೆಯುವ ಹಾಗೆ.

ಅವಳು ಎದ್ದು ಗೋಡೆಯ ಹತ್ತಿರ ಹೋದಳು. ಕೈ ಎತ್ತಿದಳು. ಎತ್ತಿದ ಕೈಯನ್ನು ಹಾಗೇ ಇಳಿಸಿ, ಕೆಳಗೆ ಬಗ್ಗಿ, ಒಲೆಗೆ ಇನ್ನೊಂದು ದಪ್ಪ ಕೊರಡು ಹಾಕಿದಳು. ಅದು ಹೊತ್ತಿಕೊಳ್ಳುವವರೆಗೆ ಊದಿದಳು. ಕಲ್ಲು ಆಚೆಯವರೆಗೂ ಕಾದಿದೆಯೇ ಎಂದು ಅಂಗೈ ಇಟ್ಟು ನೋಡಿ, ಬಂದು ಮಗ್ಗದ ಮುಂದೆ ಕೂತಳು.